ಕೋಳಿಯ ಕೀವು ಹರಿಯುವುದಿಲ್ಲ

ಕಕ್ಕಡ ತಿಂಗಳ ಮಳೆ ಹಿಡಿದರೆ ಕೊಡಗಿನಲ್ಲಿ ವಾರಗಟ್ಟಲೆ ನೆಲ ಆರುವುದಿಲ್ಲ. ಅಂಗಳದಲ್ಲಿ ಕೆಸರು, ತೋಟದಲ್ಲಿ ಕೊಳೆತ ಎಲೆ, ಗೂಡಿನೊಳಗೆ ನೆನೆದ ಹೊಟ್ಟು. ಮನೆಮಂದಿಗೆ ಗಂಬೂಟು ಇದೆ, ಕೋಳಿಗೆ ಬರಿಗಾಲೇ ಗತಿ. ಸಾಕಿದ ಹೇಂಟೆ ಕುಂಟತೊಡಗುವುದು ಇಂಥ ದಿನಗಳಲ್ಲೇ ಹೆಚ್ಚು. ಮುಳ್ಳು ಚುಚ್ಚಿರಬೇಕು, ತಾನಾಗಿ ವಾಸಿಯಾದೀತು ಎಂದು ಬಿಡುವವರಿದ್ದಾರೆ. ಬಿಡಬಾರದು, ಹಿಡಿದು ಅಂಗಾಲು ನೋಡಬೇಕು.

ಹಿಡಿಯುವುದಕ್ಕೂ ಕ್ರಮವಿದೆ. ಕೋಳಿಗೆ ನಮ್ಮಂತೆ ವಪೆ ಇಲ್ಲ. ಎದೆಮೂಳೆ ಮುಂದಕ್ಕೂ ಹಿಂದಕ್ಕೂ ಆಡಿದರಷ್ಟೇ ಅದಕ್ಕೆ ಉಸಿರು. ಎದೆ ಒತ್ತಿ ಹಿಡಿದರೆ ಉಸಿರು ಕಟ್ಟುತ್ತದೆ. ಟವೆಲಿನಲ್ಲಿ ಸಡಿಲವಾಗಿ ಸುತ್ತಿ, ಕಾಲನ್ನಷ್ಟೇ ಹೊರಗಿಟ್ಟರೆ ಸಾಕು. ಬೆರಳುಗಳು ಕೂಡುವ ಜಾಗದಲ್ಲಿ ಮೆತ್ತನೆಯ ದಿಂಡು ಇರುತ್ತದೆ. ಅದು ಊದಿ, ಮುಟ್ಟಿದರೆ ಬೆಚ್ಚಗಿದ್ದು, ನಡುವೆ ಒಳ್ಳೆಮೆಣಸಿನ ಕಾಳಿನಷ್ಟು ಕಪ್ಪು ಹಕ್ಕಳೆ ಕಂಡರೆ ಅದು ಬಂಬಲ್‌ಫುಟ್.

ಸವರಿದ ಕಾಫಿ ರೆಂಬೆಯ ಚೂಪು ತುದಿಯೋ ಜಲ್ಲಿಕಲ್ಲೋ ಗೀರಿದರೆ ಸಾಕು, ರೋಗಕ್ಕೆ ಬಾಗಿಲು ತೆರೆದಂತೆ. ತೇವದಲ್ಲಿ ನೆನೆದು ಮೆತ್ತಗಾದ ಚರ್ಮ ಬೇಗ ಒಡೆಯುತ್ತದೆ. ಒಳನುಗ್ಗುವುದು ಹೆಚ್ಚಾಗಿ ಸ್ಟೆಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ನಮ್ಮ ಕೈಯ ಗಾಯಕ್ಕೂ ಅದು ಹತ್ತಬಲ್ಲದು, ಹಾಗಾಗಿ ಕೈಗವಸು ಬೇಕು.

ಈ ಕಾಯಿಲೆಯಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಕೋಳಿಯ ಕೀವು. ನಮಗೆ ಕುರು ಎದ್ದರೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಮುತ್ತಿಕೊಂಡು, ತಮ್ಮ ಕಿಣ್ವಗಳಿಂದ ಸತ್ತ ಅಂಗಾಂಶವನ್ನು ಕರಗಿಸುತ್ತವೆ. ಕೀವು ನೀರಾಗಿ, ಒಡೆದು ಹರಿದುಹೋಗುತ್ತದೆ. ಹಕ್ಕಿಗಳಲ್ಲಿ ಆ ಕೆಲಸ ಹೆಟೆರೋಫಿಲ್ ಕಣಗಳದ್ದು. ಅವುಗಳಲ್ಲಿ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವವೇ ಇಲ್ಲ. ಹೀಗಾಗಿ ಕೀವು ಕರಗದೆ, ಒಣಗಿದ ಹಳದಿ ಮುದ್ದೆಯಾಗಿ ಒಳಗೇ ಗಟ್ಟಿಯಾಗುತ್ತದೆ. ಅದಕ್ಕೆ ರಕ್ತನಾಳಗಳಿಲ್ಲ, ಆದ್ದರಿಂದ ಆಂಟಿಬಯಾಟಿಕ್ ಅದರ ನಡುವಿಗೆ ಸರಿಯಾಗಿ ತಲುಪುವುದಿಲ್ಲ. ಹಚ್ಚಿದ ಅರಿಶಿನವೂ ಮೇಲ್ಮೈಯಲ್ಲೇ ಉಳಿಯುತ್ತದೆ. ಸೂಜಿಯಿಂದ ಚುಚ್ಚಿ ಹಿಚುಕಿದರಂತೂ ಏನೂ ಹೊರಬರದು, ಸೋಂಕು ಇನ್ನಷ್ಟು ಒಳಗೆ ಇಳಿಯುತ್ತದೆ. ಆ ದಿಂಡಿನ ಬೆನ್ನಿಗೇ ಬೆರಳು ಮಡಿಸುವ ಸ್ನಾಯುರಜ್ಜುಗಳು, ಅವುಗಳಾಚೆ ಮೂಳೆ. ಅಲ್ಲಿಗೆ ಮುಟ್ಟಿದರೆ ಕಾಲು ಉಳಿಸುವುದು ಕಷ್ಟ.

ಆರಂಭದಲ್ಲೇ ಕಂಡರೆ ಮನೆಯಲ್ಲಿ ಮಾಡುವಷ್ಟು ಆರೈಕೆ ಇದೆ. ಕೈಗೆ ಹಿತವೆನಿಸುವ ಬಿಸಿನೀರಿಗೆ ಎಪ್ಸಮ್ ಉಪ್ಪು ಹಾಕಿ ಹತ್ತು ಹದಿನೈದು ನಿಮಿಷ ಕಾಲು ನೆನೆಸಿ. ಚೆನ್ನಾಗಿ ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ಗಾಜ್ ಇಟ್ಟು ಬ್ಯಾಂಡೇಜ್ ಸುತ್ತಿ. ಬಿಗಿಯಾದರೆ ಬೆರಳು ಊದುತ್ತವೆ. ಒದ್ದೆಯಾದ ಪಟ್ಟಿ ಕಾಲಲ್ಲಿ ಉಳಿದರೆ ಪಟ್ಟಿ ಕಟ್ಟದಿರುವುದಕ್ಕಿಂತ ಕೆಡುಕು; ಮಳೆಗಾಲದಲ್ಲಿ ಹೇಂಟೆಯನ್ನು ಒಣಹುಲ್ಲು ಹಾಸಿದ ಕುಕ್ಕೆಯಲ್ಲಿ ಒಳಗೇ ಇರಿಸಬೇಕು. ಗಂಟು ಗಟ್ಟಿಯಾಗಿದ್ದರೆ ಬ್ಲೇಡು ಹಿಡಿಯುವ ಧೈರ್ಯ ಮಾತ್ರ ಬೇಡ. ಮುದ್ದೆಯನ್ನು ಅರಿವಳಿಕೆ ಕೊಟ್ಟು ಬಿಡಿಸಿ ತೆಗೆಯುವುದು ಪಶುವೈದ್ಯರ ಕೆಲಸ. ಕೋಳಿಗೂ ನೋವು ನಮ್ಮಷ್ಟೇ ನಿಜ. ಔಷಧಿ ಕೊಟ್ಟ ಕೋಳಿಯ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದೆಂದೂ ಅವರನ್ನೇ ಕೇಳಿ. ಆಸ್ಪತ್ರೆ ದೂರವಿದ್ದರೆ ಸಂಚಾರಿ ಪಶುಚಿಕಿತ್ಸೆಗೆ 1962 ಸಹಾಯವಾಣಿ ಇದೆ.

ಕಣಕಾಲಿನ ಹುರುಪೆಗಳು ಎದ್ದು ಒರಟಾಗಿದ್ದರೆ ಅದು ಬೇರೆಯೇ ತೊಂದರೆ, ಚರ್ಮದೊಳಗೆ ಕೊರೆಯುವ ನುಸಿಯದ್ದು. ಅದಕ್ಕೆ ಮದ್ದೂ ಬೇರೆ.

ಗೂಡನ್ನು ಸರಿಪಡಿಸದೆ ಕಾಲಿಗೆ ಮದ್ದು ಮಾಡಿದರೆ ಹುಣ್ಣು ಮತ್ತೆ ಬರುತ್ತದೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜದಂಥ ತಳಿ ನಾಟಿ ಹೇಂಟೆಗಿಂತ ಬಹಳ ಭಾರ. ಅದು ಎತ್ತರದ ಗಳುವಿನಿಂದ ಬೆಳಗಾಗೆದ್ದು ಸಿಮೆಂಟ್ ನೆಲಕ್ಕೆ ಧುಮುಕಿದರೆ ಇಡೀ ಭಾರ ಆ ಪುಟ್ಟ ದಿಂಡಿನ ಮೇಲೆ. ಅದಕ್ಕೆ ಕೂರುವ ಗಳು ಒಂದೂವರೆ ಅಡಿಗಿಂತ ಮೇಲೆ ಬೇಡ; ಎರಡು ಇಂಚು ಅಗಲ, ಅಂಚು ದುಂಡಗಿರಲಿ. ಕೆಳಗಿನ ಭತ್ತದ ಹೊಟ್ಟು ಒದ್ದೆಯಾದಾಗಲೆಲ್ಲ ಬದಲಾಯಿಸಿ. ಕುಂಟುವ ಹೇಂಟೆ ತನ್ನ ಭಾರವನ್ನೆಲ್ಲ ಸರಿಯಿರುವ ಕಾಲಿಗೆ ಹಾಕುವುದರಿಂದ ಪಟ್ಟಿ ಬದಲಿಸುವಾಗಲೆಲ್ಲ ಆ ಕಾಲಿನ ಅಂಗಾಲನ್ನೂ ತಿರುಗಿಸಿ ನೋಡಿ.