ಪಿಕಪ್ ವಾಹನದ ಸ್ವಯಂಚಾಲಿತ ಹವಾನಿಯಂತ್ರಣ ಮತ್ತು ಆರೋಗ್ಯ

ಮಾನವ ಶರೀರವು ಪ್ರಕೃತಿಯೇ ನಿರ್ಮಿಸಿದ ಒಂದು ಸ್ವಯಂಚಾಲಿತ ಹವಾನಿಯಂತ್ರಣ ಯಂತ್ರ. ಹೊರಗೆ ಬೇಸಗೆಯಿರಲಿ, ಚಳಿಯಿರಲಿ, ತನ್ನೊಳಗಿನ ಉಷ್ಣತೆಯನ್ನು ಅದು ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕಾಪಾಡಿಕೊಂಡು ಬರುತ್ತದೆ. ಸೆಖೆಯಾದಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬೆವರು ಹೊರಡುತ್ತದೆ, ಆ ಬೆವರು ಆರುವಾಗ ದೇಹದ ಶಾಖವನ್ನು ತನ್ನೊಡನೆ ಕೊಂಡೊಯ್ಯುತ್ತದೆ. ಒಂದು ಲೀಟರು ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿಯಷ್ಟು ಶಾಖವು ಶರೀರದ ಲೆಕ್ಕದಿಂದ ಖರ್ಚಾಗುತ್ತದೆ. ಆದರೆ ಬೆವರು ಆರಬೇಕಾದರೆ ಸುತ್ತಲಿನ ಗಾಳಿ ಒಣಗಿರಬೇಕು. ಮೈಸೂರು, ಧಾರವಾಡಗಳ ಬಿಸಿಲಿನಲ್ಲಿ ಬೆಳೆದವರು ಕೊಚ್ಚಿಗೆ ಬಂದು ನೆಲೆಸಿದಾಗ ಮೊಟ್ಟಮೊದಲು ಅನುಭವಿಸುವುದು ಈ ವ್ಯತ್ಯಾಸವನ್ನೇ. ಉಷ್ಣತಾಮಾಪಕವು ಅಲ್ಲಿಗಿಂತ ಕಡಿಮೆ ತೋರಿಸಿದರೂ ಇಲ್ಲಿ ಮೈ ಆರುವುದಿಲ್ಲ. ಆದ್ದರಿಂದ ಈ ನಗರದಲ್ಲಿ ಹವಾನಿಯಂತ್ರಣವು ಕೇವಲ ಭೋಗದ ವಸ್ತುವಲ್ಲ. ಅನೇಕರಿಗೆ ಅದು ಆರೋಗ್ಯದ ಪ್ರಶ್ನೆಯೂ ಆಗಿದೆ.

ವೈಟ್ಟಿಲದ ಕೂಡುರಸ್ತೆ

ಈ ಪ್ರಶ್ನೆಯನ್ನು ಕಣ್ಣಾರೆ ಕಾಣಬೇಕಾದರೆ ವೈಟ್ಟಿಲಕ್ಕಿಂತ ಉತ್ತಮವಾದ ಸ್ಥಳ ಇನ್ನೊಂದಿಲ್ಲ. ಇಡಪ್ಪಳ್ಳಿಯಿಂದ ಅರೂರಿಗೆ ಹೋಗುವ ಬೈಪಾಸ್ ರಸ್ತೆಯನ್ನು ನಗರದಿಂದ ತ್ರಿಪ್ಪುಣಿತ್ತುರದತ್ತ ಸಾಗುವ ರಸ್ತೆ ಸಂಧಿಸುವುದು ಇಲ್ಲಿಯೇ. 2011ರಲ್ಲಿ ಮೊಬಿಲಿಟಿ ಹಬ್ ಎಂಬ ದೊಡ್ಡ ಬಸ್ ನಿಲ್ದಾಣ, 2019ರಲ್ಲಿ ಮೆಟ್ರೋ ರೈಲು, 2021ರ ಜನವರಿಯಲ್ಲಿ ಮೇಲ್ಸೇತುವೆ, 2023ರ ಏಪ್ರಿಲ್‌ನಲ್ಲಿ ಕಾಕ್ಕನಾಡಿಗೆ ವಾಟರ್ ಮೆಟ್ರೋ ದೋಣಿ, ಹೀಗೆ ಒಂದರ ಮೇಲೊಂದು ಸೌಕರ್ಯಗಳು ಬಂದಿವೆ. ಆದರೂ ಸೇತುವೆಯ ಕೆಳಗಿನ ಸಿಗ್ನಲ್‌ಗಳಲ್ಲಿ ವಾಹನಗಳ ಸಾಲು ತಪ್ಪಿಲ್ಲ.

ಆ ಸಾಲಿನಲ್ಲಿ ಎರಡು ಬಗೆಯ ಪಿಕಪ್ ವಾಹನಗಳು ಅಕ್ಕಪಕ್ಕದಲ್ಲಿ ನಿಲ್ಲುವುದುಂಟು. ಒಂದು, ಕುಟುಂಬ ಸಮೇತ ಸಂಚರಿಸಲು ಕೊಳ್ಳುವ ನಾಲ್ಕು ಬಾಗಿಲಿನ ಬೆಲೆಬಾಳುವ ಪಿಕಪ್. ಶ್ರೀ ಸಿಟಿಯಲ್ಲಿ ತಯಾರಾಗುವ ಇಸುಜು ವಿ-ಕ್ರಾಸ್, ಕನ್ನಡನಾಡಿನ ಬಿಡದಿಯಲ್ಲಿ ಜೋಡಣೆಗೊಂಡು 2022ರಲ್ಲಿ ಮಾರುಕಟ್ಟೆಗೆ ಬಂದ ಟೊಯೋಟಾ ಹೈಲಕ್ಸ್ ಈ ವರ್ಗಕ್ಕೆ ಸೇರಿದವು. ಇವುಗಳ ಮೇಲ್ದರ್ಜೆಯ ಮಾದರಿಗಳಲ್ಲಿ ಸ್ವಯಂಚಾಲಿತ ಹವಾನಿಯಂತ್ರಣವಿದೆ. ಇನ್ನೊಂದು, ತರಕಾರಿ, ಹೂವು, ಸಿಮೆಂಟು, ಸಾಮಾನು ಹೊರುವ ದುಡಿಮೆಯ ಪಿಕಪ್. ಗುಂಡ್ಲುಪೇಟೆಯ ಚೆಂಡುಹೂವನ್ನು ಓಣಂ ಹಬ್ಬಕ್ಕೆ ಕೇರಳಕ್ಕೆ ತಲುಪಿಸುವುದು ಇಂತಹ ಗಾಡಿಗಳೇ. ಇವುಗಳಲ್ಲಿ ಬಹುಪಾಲಿಗೆ ಕಿಟಕಿಯ ಗಾಳಿಯೇ ಗತಿ.

ಯಂತ್ರದ ಜ್ಞಾನೇಂದ್ರಿಯಗಳು

ಮೋಟಾರು ವಾಹನಕ್ಕೆ ಕಾರ್ಖಾನೆಯಲ್ಲಿಯೇ ಹವಾನಿಯಂತ್ರಣ ಅಳವಡಿಸಿದ ಕೀರ್ತಿ ಅಮೆರಿಕೆಯ ಪ್ಯಾಕರ್ಡ್ ಸಂಸ್ಥೆಗೆ ಸಲ್ಲುತ್ತದೆ. ಅದು 1939ರ ಮಾತು. ಆಗ ತಂಪು ಹೆಚ್ಚಾದರೆ ಮನುಷ್ಯನೇ ಕೈಯಾಡಿಸಿ ತಗ್ಗಿಸಬೇಕಾಗಿತ್ತು. ಬೇಕಾದ ಉಷ್ಣತೆಯನ್ನು ಒಮ್ಮೆ ಗೊತ್ತುಪಡಿಸಿದರೆ ಉಳಿದುದನ್ನು ಯಂತ್ರವೇ ನೋಡಿಕೊಳ್ಳುವ ವ್ಯವಸ್ಥೆಯನ್ನು ಕ್ಯಾಡಿಲಾಕ್ ಕಾರುಗಳು 1964ರಲ್ಲಿ ತಂದವು. ಮುಂದೆ ಅದು ಪಿಕಪ್‌ಗಳಿಗೂ ಬಂತು.

ಈ ಯಂತ್ರಕ್ಕೆ ಸೆನ್ಸರ್ ಎಂಬ ಕೆಲವು ಇಂದ್ರಿಯಗಳಿವೆ. ಸ್ಟಿಯರಿಂಗ್ ಸಮೀಪದ ಸಣ್ಣ ಜಾಲರಿಯ ಹಿಂದೆ ಇರುವುದು ಒಳಗಿನ ಗಾಳಿಯ ಉಷ್ಣತೆಯನ್ನು ಅಳೆಯುತ್ತದೆ. ಮುಂಭಾಗದ ಬಂಪರ್ ಬಳಿ ಇರುವುದು ಹೊರಗಿನ ಉಷ್ಣತೆಯನ್ನು ತಿಳಿಸುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ ಗುಂಡಿಯಂತೆ ಕಾಣುವುದು ಬಿಸಿಲಿನ ತೀವ್ರತೆಯನ್ನು ಗ್ರಹಿಸುತ್ತದೆ. ಇನ್ನೊಂದು ಕೂಲಿಂಗ್ ಕಾಯಿಲ್ ಮೇಲಿದ್ದು, ಅದರ ಮೇಲೆ ಮಂಜುಗಡ್ಡೆ ಕಟ್ಟದಂತೆ ಎಚ್ಚರ ವಹಿಸುತ್ತದೆ. ಇವೆಲ್ಲವುಗಳ ವರದಿಯನ್ನು ಕೂಡಿಸಿ ಕಳೆದು, ಬ್ಲೋವರ್ ಎಷ್ಟು ವೇಗದಲ್ಲಿ ತಿರುಗಬೇಕು, ತಣ್ಣನೆಯ ಗಾಳಿಗೆ ಎಷ್ಟು ಬೆಚ್ಚನೆಯ ಗಾಳಿ ಬೆರೆಯಬೇಕು, ಗಾಳಿ ಮುಖಕ್ಕೆ ಬರಬೇಕೋ ಕಾಲಿಗೆ ಬರಬೇಕೋ, ಹೊರಗಿನ ಗಾಳಿ ಬೇಕೋ ಒಳಗಿನದನ್ನೇ ಮರಳಿ ಬಳಸಬೇಕೋ ಎಂಬುದನ್ನು ಒಂದು ಪುಟ್ಟ ಗಣಕಯಂತ್ರ ನಿರ್ಧರಿಸುತ್ತದೆ. ಬ್ಯಾಂಕಿಗೆ ಒಮ್ಮೆ ಕೊಟ್ಟ ಸ್ಥಾಯೀ ಆದೇಶದಂತೆ, 24 ಎಂದು ಬರೆದುಕೊಟ್ಟ ಮೇಲೆ ಜಮಾ ಖರ್ಚಿನ ಹೊಣೆ ಯಂತ್ರದ್ದು.

ಆದುದರಿಂದ ಬಿಸಿಲಿನಲ್ಲಿ ನಿಂತ ಗಾಡಿಯನ್ನು ಹತ್ತಿದೊಡನೆ 18ಕ್ಕೆ ಇಳಿಸುವುದರಿಂದ ಬೇಗ ತಂಪಾಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಒಳಗೆ ಕಾದಿದ್ದಾಗ 24ಕ್ಕೆ ಇಟ್ಟರೂ ಯಂತ್ರ ತನ್ನ ಪೂರ್ಣ ಶಕ್ತಿಯಿಂದಲೇ ದುಡಿಯುತ್ತದೆ. 18ಕ್ಕೆ ಇಟ್ಟವರಿಗೆ ದೊರೆಯುವುದು ವೇಗವಲ್ಲ, ಮುಂದೆ ಬೇಡವಾದ ಚಳಿ. ಮೊದಲು ಕಿಟಕಿಗಳನ್ನು ಇಳಿಸಿ ಒಂದೆರಡು ನಿಮಿಷ ಕಾದ ಗಾಳಿಯನ್ನು ಹೊರದೂಡುವುದೇ ಜಾಣತನ.

ಸಿಗ್ನಲಿನಲ್ಲಿ ತಗ್ಗುವ ತಂಪು

ಪಿಕಪ್ ಕೊಂಡವರಲ್ಲಿ ಕೇಳಿಬರುವ ಸಾಮಾನ್ಯ ದೂರೆಂದರೆ, ಹೆದ್ದಾರಿಯಲ್ಲಿ ಚೆನ್ನಾಗಿರುವ ತಂಪು ವೈಟ್ಟಿಲದಂತಹ ಸಿಗ್ನಲಿನಲ್ಲಿ ತಗ್ಗುತ್ತದೆ ಎಂಬುದು. ಇದು ಅನೇಕ ವೇಳೆ ಯಂತ್ರದ ದೋಷವಲ್ಲ. ಒಳಗಿನಿಂದ ಹೀರಿದ ಶಾಖವನ್ನು ಮುಂಭಾಗದ ಕಂಡೆನ್ಸರ್ ಹೊರಗೆ ಚೆಲ್ಲಬೇಕು. ವಾಹನ ಓಡುವಾಗ ಎದುರುಗಾಳಿ ಆ ಕೆಲಸಕ್ಕೆ ನೆರವಾಗುತ್ತದೆ. ನಿಂತಾಗ ಎದುರುಗಾಳಿಯಿಲ್ಲ. ಮೇಲಾಗಿ ಅನೇಕ ಡೀಸೆಲ್ ಪಿಕಪ್‌ಗಳಲ್ಲಿ ಫ್ಯಾನ್ ಮತ್ತು ಕಂಪ್ರೆಸರ್ ಎರಡೂ ಎಂಜಿನ್‌ನ ತಿರುಗುವಿಕೆಯನ್ನೇ ಅವಲಂಬಿಸಿರುತ್ತವೆ. ಎಂಜಿನ್ ನಿಧಾನವಾದರೆ ಅವೂ ನಿಧಾನ. ಒಳಗಿನ ಉಷ್ಣತೆ ಏರಿದ್ದನ್ನು ಕಂಡ ಯಂತ್ರ ಬ್ಲೋವರನ್ನು ಜೋರು ಮಾಡುತ್ತದೆ. ಸದ್ದು ಹೆಚ್ಚುತ್ತದೆ, ತಂಪು ಹೆಚ್ಚುವುದಿಲ್ಲ. ಗಾಡಿ ಹೊರಟೊಡನೆ ಎಲ್ಲವೂ ಸರಿಹೋಗುತ್ತದೆ. ಓಡುವಾಗಲೂ ತಂಪಿಲ್ಲದಿದ್ದರೆ ಮಾತ್ರ ಮೆಕ್ಯಾನಿಕ್‌ಗೆ ತೋರಿಸಬೇಕು. ಕಂಡೆನ್ಸರಿನ ರೆಕ್ಕೆಗಳಲ್ಲಿ ಧೂಳು, ಕೆಸರು ತುಂಬಿರುವುದೂ ಒಂದು ಕಾರಣವಾಗಿರಬಹುದು.

ಬಿಸಿಲಿನ ಲೆಕ್ಕ

ಕೋಝಿಕ್ಕೋಡಿನಿಂದ ಕರಾವಳಿಯ ಹೆದ್ದಾರಿಯಲ್ಲಿ ಕೊಚ್ಚಿಗೆ ಸಂಜೆಯ ಹೊತ್ತು ಬರುವವರಿಗೆ ಪಡುವಣ ಬಿಸಿಲು ಬಲಗಡೆಯಿಂದ ಬೀಳುತ್ತದೆ. ಮರುದಿನ ಬೆಳಿಗ್ಗೆ ಹಿಂದಿರುಗಿದರೆ ಮೂಡಣ ಬಿಸಿಲೂ ಬಲಗಡೆಯಿಂದಲೇ. ಭಾರತದಲ್ಲಿ ಚಾಲಕನ ಸ್ಥಾನ ಬಲಕ್ಕಿರುವುದರಿಂದ ಎರಡು ಸಲವೂ ಬೇಯುವವನು ಅವನೇ. ಅವನು ತಂಪು ಹೆಚ್ಚಿಸಿದರೆ ಎಡಗಡೆ ಕುಳಿತವರಿಗೆ ನಡುಕ. ಎಡ ಬಲಗಳಿಗೆ ಪ್ರತ್ಯೇಕ ಉಷ್ಣತೆ ಗೊತ್ತುಪಡಿಸುವ ಅನುಕೂಲವಿರುವ ಗಾಡಿಗಳಲ್ಲಿ ಈ ಜಗಳವನ್ನು ತಪ್ಪಿಸಬಹುದು.

ಬಿಸಿಲಿನ ಸೆನ್ಸರ್ ಇರುವ ಜಾಗದಲ್ಲಿಯೇ ಗಣಪತಿಯ ವಿಗ್ರಹವನ್ನು ಸ್ಥಾಪಿಸುವವರು, ಹೂಮಾಲೆ ಇಡುವವರು, ಟೋಲ್ ರಸೀದಿಗಳನ್ನು ಹರಡುವವರು ಅನೇಕರು. ಸೆನ್ಸರಿನ ಕಣ್ಣು ಮುಚ್ಚಿದರೆ ನಡುಮಧ್ಯಾಹ್ನವನ್ನೂ ಯಂತ್ರ ಸಂಜೆಯೆಂದೇ ಭಾವಿಸುತ್ತದೆ. ದೇವರನ್ನು ನಾಲ್ಕು ಬೆರಳು ಪಕ್ಕಕ್ಕೆ ಸರಿಸಿ ಕೂರಿಸಿದರೆ ಭಕ್ತಿಗೂ ಲೋಪವಿಲ್ಲ, ತಂಪಿಗೂ ಲೋಪವಿಲ್ಲ.

ಇನ್ನೊಂದು ವಿಷಯ. ಒಳಗಿನ ಉಷ್ಣತೆಯ ಸೆನ್ಸರ್ ಇರುವುದು ಚಾಲಕನ ಬಳಿ. ಪಿಕಪ್‌ನ ಹಿಂದಿನ ಆಸನವೋ ಗಾಜಿನ ಹಿಂಗೋಡೆಗೆ ಒರಗಿಕೊಂಡಿರುತ್ತದೆ. ಮುಂದೆ ಹಿತವಾದೊಡನೆ ಯಂತ್ರವು ಕೆಲಸ ಮುಗಿಯಿತೆಂದು ಬ್ಲೋವರನ್ನು ತಗ್ಗಿಸುತ್ತದೆ. ಹಿಂಬದಿಗೆ ಗಾಳಿಕಿಂಡಿಗಳಿಲ್ಲದ ಗಾಡಿಯಲ್ಲಿ ಅಲ್ಲಿ ಕುಳಿತ ವೃದ್ಧರು, ಮಕ್ಕಳು ಬೆವರುತ್ತಲೇ ಇರಬಹುದು. ಊರಿನಿಂದ ಬಂದ ತಂದೆತಾಯಿಗಳನ್ನು ಹಿಂದೆ ಕೂರಿಸಿಕೊಂಡು ಹೋಗುವವರು ನಡುನಡುವೆ ಅವರನ್ನು ವಿಚಾರಿಸಿ, ಬ್ಲೋವರನ್ನು ಕೈಯಿಂದಲೇ ಒಂದೆರಡು ಹಂತ ಏರಿಸುವುದು ಲೇಸು.

ಮಳೆಗಾಲದ ಮಂಜು

ಮಳೆಗಾಲದಲ್ಲಿ ಗಾಜು ಮಸುಕಾಗುವುದಕ್ಕೆ ಎರಡು ಬಗೆಗಳಿವೆ. ಗಾಜಿನ ಒಳಮೈ ಮಸುಕಾದರೆ ಒಳಗಿನವರ ಉಸಿರಿನ ತೇವವೇ ಕಾರಣ. ಆಗ ಕಂಪ್ರೆಸರ್ ಚಾಲೂ ಇಟ್ಟು, ಹೊರಗಿನ ಗಾಳಿಯನ್ನು ಒಳಕ್ಕೆ ಬಿಟ್ಟು, ಗಾಜಿನ ಕಡೆಗೆ ಗಾಳಿ ಹರಿಸಬೇಕು. ಹೊರಮೈ ಮಸುಕಾದರೆ ಕಾರಣ ಬೇರೆ. ಕೊಚ್ಚಿಯ ಗಾಳಿಯಲ್ಲಿ ತೇವ ಎಷ್ಟಿರುತ್ತದೆಂದರೆ, ಗಾಜು ಸುಮಾರು 25 ಡಿಗ್ರಿಗಿಂತ ತಣ್ಣಗಾದರೆ ಸಾಕು, ಹೊರಗಿನ ಆವಿ ಅದರ ಮೇಲೆ ನೀರಾಗಿ ಕೂರುತ್ತದೆ. ಆಗ ತಂಪು ಹೆಚ್ಚಿಸಿದಷ್ಟೂ ಕೇಡು. ಉಷ್ಣತೆಯನ್ನು ಒಂದೆರಡು ಡಿಗ್ರಿ ಏರಿಸಿ, ಗಾಜಿಗೆ ಬೀಳುವ ತಣ್ಣನೆಯ ಗಾಳಿಯನ್ನು ತಪ್ಪಿಸಿ, ವೈಪರ್ ಓಡಿಸಬೇಕು. ಬೆರಳಿನಿಂದ ಗಾಜನ್ನು ಒಳಗಡೆ ಉಜ್ಜಿ ನೋಡಿದರೆ ಮಂಜು ಯಾವ ಕಡೆಯದೆಂದು ತಿಳಿಯುತ್ತದೆ.

ಇದೇ ತೇವವು ಕೂಲಿಂಗ್ ಕಾಯಿಲ್ ಮೇಲೂ ಕೂತು ಹನಿಹನಿಯಾಗಿ ಕೆಳಗೆ ಸುರಿಯುತ್ತದೆ. ಅದು ಆರದೆ ಉಳಿದರೆ ಬೂಷ್ಟು ಬೆಳೆಯುತ್ತದೆ. ಗಾಡಿ ಹತ್ತಿದೊಡನೆ ಮುಗ್ಗಲು ವಾಸನೆ ಬರುತ್ತದೆ. ಉಬ್ಬಸ, ಶೀತದ ಅಲರ್ಜಿ ಉಳ್ಳವರಿಗೆ ಇದು ಹಿತವಲ್ಲ. ಮನೆ ಸೇರುವ ನಾಲ್ಕೈದು ನಿಮಿಷ ಮೊದಲು ಕಂಪ್ರೆಸರನ್ನು ಮಾತ್ರ ನಿಲ್ಲಿಸಿ ಬ್ಲೋವರ್ ಓಡಲು ಬಿಟ್ಟರೆ ಕಾಯಿಲ್ ಬಹುಮಟ್ಟಿಗೆ ಆರುತ್ತದೆ. ಗಾಳಿಯ ಫಿಲ್ಟರನ್ನು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು.

ಯಂತ್ರಕ್ಕೆ ತಿಳಿಯದ ಸಂಗತಿ

ಇಷ್ಟೆಲ್ಲ ಬಲ್ಲ ಯಂತ್ರಕ್ಕೆ ತಿಳಿಯದ ಒಂದು ಸಂಗತಿಯಿದೆ. ಅದು ಉಷ್ಣತೆಯನ್ನು ಅಳೆಯುತ್ತದೆ, ಬಿಸಿಲನ್ನು ಅಳೆಯುತ್ತದೆ; ಆದರೆ ಒಳಗಿರುವವರು ಉಸಿರಾಡುತ್ತಿರುವ ಗಾಳಿ ಶುದ್ಧವೋ ಅಲ್ಲವೋ ಎಂಬುದನ್ನು ಸಾಮಾನ್ಯವಾಗಿ ಅಳೆಯುವುದಿಲ್ಲ. ಬೇಗ ತಂಪು ಮಾಡಬೇಕಾದಾಗ ಅದು ಹೊರಗಿನ ಗಾಳಿಯನ್ನು ಮುಚ್ಚಿ ಒಳಗಿನದನ್ನೇ ಸುತ್ತಿಸುತ್ತದೆ. ಪಿಕಪ್‌ನ ಕ್ಯಾಬಿನ್ ಚಿಕ್ಕದು. ನಾಲ್ಕೈದು ಜನ ಕುಳಿತರೆ ಕೆಲವೇ ನಿಮಿಷಗಳಲ್ಲಿ ಅಲ್ಲಿನ ಕಾರ್ಬನ್ ಡೈ ಆಕ್ಸೈಡ್ ಹೊರಗಿನದಕ್ಕಿಂತ ಹಲವು ಪಟ್ಟು ಏರುತ್ತದೆ. ತಲೆ ಭಾರವಾಗುತ್ತದೆ, ಆಕಳಿಕೆ ಬರುತ್ತದೆ. ಚಾಲಕನು ಇದನ್ನು ಊಟದ ಮಂಪರು ಎಂದುಕೊಳ್ಳುತ್ತಾನೆ. ದೂರದ ಪ್ರಯಾಣದಲ್ಲಿ ಆಗಾಗ್ಗೆ ಹೊರಗಾಳಿಯ ಗುಂಡಿಯನ್ನು ಒತ್ತುವುದು ಪ್ರಾಣರಕ್ಷಕ ಅಭ್ಯಾಸ.

ಇದಕ್ಕಿಂತ ಘೋರವಾದುದು ನಿಂತ ವಾಹನದಲ್ಲಿ ಎಂಜಿನ್ ಚಾಲೂ ಇಟ್ಟು, ಗಾಜು ಮುಚ್ಚಿ, ತಂಪಿನಲ್ಲಿ ಮಲಗುವುದು. ಬಂಡೀಪುರದ ಅರಣ್ಯ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿರುವುದರಿಂದ ಗಾಡಿಯಲ್ಲಿಯೇ ರಾತ್ರಿ ಕಳೆಯುವ ಚಾಲಕರುಂಟು. ಕೊಚ್ಚಿಯಲ್ಲಿ ಸರಕು ಇಳಿಸಲು ಸರದಿ ಕಾಯುತ್ತ ಕಣ್ಣು ಮುಚ್ಚುವವರೂ ಉಂಟು. ಹೊಗೆಕೊಳವೆಯಲ್ಲಿ ಸಣ್ಣ ಬಿರುಕಿದ್ದರೆ, ತಳದಲ್ಲಿ ಒಂದು ರಂಧ್ರವಿದ್ದರೆ, ಕಾರ್ಬನ್ ಮಾನಾಕ್ಸೈಡ್ ಒಳಸೇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಮಲಗಿದವನಿಗೆ ಎಚ್ಚರವೇ ಆಗುವುದಿಲ್ಲ. 2024ರ ಡಿಸೆಂಬರಿನಲ್ಲಿ ಕೋಝಿಕ್ಕೋಡು ಜಿಲ್ಲೆಯ ವಡಕರದಲ್ಲಿ ರಸ್ತೆಬದಿಗೆ ನಿಂತಿದ್ದ ಕ್ಯಾರವಾನ್ ಒಂದರಲ್ಲಿ ಇಬ್ಬರು ಮೃತಪಟ್ಟರು. ಜನರೇಟರಿನಿಂದ ಹೊರಟ ಕಾರ್ಬನ್ ಮಾನಾಕ್ಸೈಡ್ ತಳದ ರಂಧ್ರದ ಮೂಲಕ ಒಳನುಗ್ಗಿದ್ದೇ ಕಾರಣವೆಂದು ತಜ್ಞರ ಪರಿಶೀಲನೆಯಿಂದ ತಿಳಿದುಬಂತು. ಅಂತಹ ವಿಷಗಾಳಿಯಲ್ಲಿಯೂ ತಂಪು ಮಾಡುವ ಯಂತ್ರವು ತನ್ನ ಕೆಲಸದಲ್ಲಿ ಲೋಪ ಮಾಡುವುದಿಲ್ಲ. ಅದಕ್ಕೆ ಕಾಣುವುದು ಉಷ್ಣತೆ ಮಾತ್ರ.

ತಂಪಿಲ್ಲದ ಗಾಡಿಯ ಚಾಲಕ

ಇನ್ನು ಆ ಎರಡನೆಯ ಪಿಕಪ್‌ನ ಮಾತು. ಲಾರಿ ಚಾಲಕರ ಆರೋಗ್ಯವನ್ನು ಗಮನಿಸಿ ಕೇಂದ್ರ ಸರ್ಕಾರವು 2023ರ ಡಿಸೆಂಬರಿನಲ್ಲಿ ಒಂದು ಅಧಿಸೂಚನೆ ಹೊರಡಿಸಿತು. ಅದರಂತೆ 2025ರ ಅಕ್ಟೋಬರ್ 1ರಿಂದ ತಯಾರಾಗುವ, ಒಟ್ಟು ತೂಕ 3.5 ಟನ್ನಿಗೆ ಮೀರಿದ ಸರಕು ವಾಹನಗಳ ಕ್ಯಾಬಿನ್‌ಗೆ ಹವಾನಿಯಂತ್ರಣ ಕಡ್ಡಾಯವಾಯಿತು. ಸ್ತುತ್ಯವಾದ ಕ್ರಮ. ಆದರೆ ಆ ತೂಕಕ್ಕೆ ಒಳಪಟ್ಟ ಸಣ್ಣ ಪಿಕಪ್‌ಗಳು ಈ ನಿಯಮದ ಹೊರಗೆ ಉಳಿದವು. ದೊಡ್ಡ ಲಾರಿಯವನಿಗೂ ಸಣ್ಣ ಗಾಡಿಯವನಿಗೂ ಬಿಸಿಲು ಒಂದೇ, ಬೆವರೂ ಒಂದೇ. ಅವನಿಗೆ ಯಂತ್ರದ ನೆರವಿಲ್ಲವಾದ್ದರಿಂದ ಶರೀರದ ನಿಯಂತ್ರಣವೊಂದೇ ಆಸರೆ. ಬಾಯಾರುವ ಮೊದಲೇ ನೀರು, ಉಪ್ಪು ಬೆರೆತ ಮಜ್ಜಿಗೆ ಅಥವಾ ಗಂಜಿ, ನಡುಮಧ್ಯಾಹ್ನ ನೆರಳಿನಲ್ಲಿ ವಿಶ್ರಾಂತಿ ಇವು ಅವನಿಗೆ ಅವಶ್ಯ. ತಲೆಸುತ್ತು, ವಾಕರಿಕೆ, ಸ್ನಾಯುಸೆಳೆತ ಕಂಡರೆ ಗಾಡಿ ನಿಲ್ಲಿಸಬೇಕು. ಮಾತು ತೊದಲಿದರೆ, ಮಂಕು ಕವಿದರೆ ಒದ್ದೆಬಟ್ಟೆಯಿಂದ ಮೈ ತಣಿಸುತ್ತ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ನೆನಪಿಡಬೇಕಾದ ಅಂಶಗಳು

1. ಉಷ್ಣತೆಯನ್ನು 24ರಿಂದ 26 ಡಿಗ್ರಿಯ ನಡುವೆ ಇಡುವುದು ದೇಹಕ್ಕೂ ಹಿತ, ಇಂಧನಕ್ಕೂ ಉಳಿತಾಯ.
2. ದೀರ್ಘ ಪ್ರಯಾಣದಲ್ಲಿ ಆಗಾಗ್ಗೆ ಹೊರಗಿನ ಗಾಳಿ ಒಳಬರಲಿ.
3. ಡ್ಯಾಶ್‌ಬೋರ್ಡಿನ ಸೆನ್ಸರಿನ ಮೇಲೆ ಏನನ್ನೂ ಇಡಬಾರದು.
4. ಮುಚ್ಚಿದ ವಾಹನದಲ್ಲಿ ಮಕ್ಕಳನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು.
5. ಎಂಜಿನ್ ಚಾಲೂ ಇಟ್ಟು ಗಾಜು ಮುಚ್ಚಿ ಎಂದಿಗೂ ಮಲಗಬಾರದು.
6. ಮನೆಗೆ ಸಾಮಾನು ತಂದ ಪಿಕಪ್ ಚಾಲಕನಿಗೆ ಒಂದು ಚೊಂಬು ನೀರು ಕೊಡುವುದನ್ನು ಮರೆಯಬಾರದು.

ಸ್ವಯಂಚಾಲಿತ ಯಂತ್ರವು ಒಳ್ಳೆಯ ಸೇವಕ. ಹೇಳಿದ ಉಷ್ಣತೆಯನ್ನು ಅದು ಪ್ರಾಮಾಣಿಕವಾಗಿ ಕಾಯುತ್ತದೆ. ಉಸಿರನ್ನು ಕಾಯುವ ಹೊಣೆ ಮಾತ್ರ ಒಳಗೆ ಕುಳಿತ ಮನುಷ್ಯನದೇ.