ಪಟ್ಟೆ ಬಂಡೆಯ ಬುಡದಲ್ಲಿ

ದೋಣಿ ನಿಂತಾಗ ಬೆಳಿಗ್ಗೆ ಎಂಟೂವರೆ. ಇಳಿಯಲು ಕಟ್ಟೆ ಇಲ್ಲ. ದೋಣಿಯಾತ ಮೂತಿಯನ್ನು ಒಂದು ಚಪ್ಪಟೆ ಬಂಡೆಗೆ ಆನಿಸಿ ಹಿಡಿದ. ನಾವು ಐದು ಜನ ಒಬ್ಬರ ಹಿಂದೊಬ್ಬರು ಜಿಗಿದೆವು. ನನ್ನ ಎಡಗಾಲು ಮಾತ್ರ ನೀರಿಗೇ ಬಿತ್ತು. ಬೂಟಿನೊಳಗೆ ನುಗ್ಗಿದ ಆ ತಂಪು ಮಧ್ಯಾಹ್ನದವರೆಗೂ ನನ್ನ ಜೊತೆಗಿತ್ತು. ಜುಲೈ ತಿಂಗಳು, ಬಿಸಿಲು ಚೆನ್ನಾಗಿಯೇ ಇತ್ತು. ಆದರೂ ಹಿಂದೆ ತಿರುಗಿ ನೋಡಿದರೆ ಲಾರಿಯಷ್ಟು ದೊಡ್ಡ ಹಿಮಗಡ್ಡೆಗಳು ಸದ್ದಿಲ್ಲದೆ ತೇಲಿಹೋಗುತ್ತಿದ್ದವು. ಸದ್ದಿಲ್ಲದೆ ಎಂದದ್ದು ತಪ್ಪು. ಕಿವಿಗೊಟ್ಟರೆ ಚಟಚಟ ಎನ್ನುತ್ತವೆ, ಒಗ್ಗರಣೆಯ ಕೊನೆಯ ಸಾಸಿವೆಯ ಹಾಗೆ. ಹಿಮದೊಳಗೆ ಸಿಕ್ಕಿಕೊಂಡಿದ್ದ ಹಳೆಯ ಗಾಳಿ ಬಿಡಿಸಿಕೊಂಡು ಹೊರಬರುವ ಸದ್ದು ಅದು.

ಜಾಗ ದಕ್ಷಿಣ ಗ್ರೀನ್‌ಲ್ಯಾಂಡಿನ ಒಂದು ಫ್ಯೋರ್ಡ್. ಹಿಮನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿ ಆದ ಉದ್ದನೆಯ ಹಿನ್ನೀರು ಎಂದುಕೊಳ್ಳಿ. ಹೆಸರು ಬರೆಯುವುದಿಲ್ಲವೆಂದು ಕರೆದುಕೊಂಡು ಹೋದವರಿಗೆ ಮಾತು ಕೊಟ್ಟಿದ್ದೇನೆ. ರೇರ್ ಅರ್ಥ್ ಲೋಹಗಳಿಗಾಗಿ ಶೋಧ ನಡೆಯುತ್ತಿರುವ ಗುಡ್ಡವನ್ನು ಒಂದು ದಿನ ಸುತ್ತಿ ನೋಡುವುದಷ್ಟೇ ನನ್ನ ಕೆಲಸ. ಆರ್ಕ್ಟಿಕ್ ಎಂದರೆ ಕಣ್ಣು ಕುಕ್ಕುವ ಬಿಳಿ ಬಯಲು ಎಂದುಕೊಂಡು ಹೋಗಿದ್ದೆ. ಇಲ್ಲಿ ಕಂಡದ್ದು ಹಸಿರು. ಮರ ಎನ್ನುವಂಥದ್ದಿಲ್ಲ, ಮೊಣಕಾಲೆತ್ತರದ ವಿಲ್ಲೋ ಪೊದೆ, ಅದರ ನಡುವೆ ಹುಲ್ಲು. ಕಣಿವೆಯ ಆಚೆ ತುದಿಯಲ್ಲಿ ಕುರಿಗಳು. ನಿಜ ಹೇಳಬೇಕೆಂದರೆ ಆರ್ಕ್ಟಿಕ್ ವೃತ್ತದ ಗೆರೆ ಇಲ್ಲಿಂದ ಇನ್ನೂ 600 ಕಿ.ಮೀ. ಉತ್ತರಕ್ಕಿದೆ. ಆದರೆ ಗ್ರೀನ್‌ಲ್ಯಾಂಡ್ ಅಷ್ಟನ್ನೂ ಆರ್ಕ್ಟಿಕ್ ಲೆಕ್ಕಕ್ಕೇ ಸೇರಿಸುವುದು ರೂಢಿ.

ಮೊದಲು ಕೊಟ್ಟದ್ದು ಸೊಳ್ಳೆಬಲೆಯ ಟೋಪಿ. ನಾನು ನಕ್ಕೆ. ಹತ್ತು ನಿಮಿಷದಲ್ಲಿ ನಗು ನಿಂತಿತು. ಮಲೆನಾಡಿನ ಮಳೆಗಾಲದಲ್ಲಿ ಇಂಬಳ ಕಿತ್ತುಕೊಂಡು ನಡೆದವನು ನಾನು, ಇಷ್ಟೊಂದು ಸೊಳ್ಳೆಯನ್ನು ಎಲ್ಲೂ ಕಂಡಿರಲಿಲ್ಲ. ನಮ್ಮನ್ನು ನಡೆಸಿಕೊಂಡು ಹೋಗಬೇಕಿದ್ದ ಭೂವಿಜ್ಞಾನಿ ಮೂವತ್ತರ ಆಸುಪಾಸಿನ ಹೆಂಗಸು. ಬೆನ್ನಿಗೆ ಚೀಲ, ಹೆಗಲಿಗೆ ರೈಫಲ್. ಬಂದೂಕು ಹಿಮಕರಡಿಗೆ. ಈ ಭಾಗದಲ್ಲಿ ಅವು ನೆಲೆಸಿಲ್ಲವಂತೆ. ಪೂರ್ವ ಕರಾವಳಿಯಿಂದ ಸುತ್ತಿಕೊಂಡು ಬರುವ ತೇಲುಹಿಮದ ಮೇಲೆ ಅಪರೂಪಕ್ಕೊಂದು ಬಂದಿಳಿಯುತ್ತದೆ. "ನಾನು ಇದುವರೆಗೆ ಒಂದನ್ನೂ ನೋಡಿಲ್ಲ, ಆದರೂ ಹೊರುತ್ತೇನೆ" ಎಂದರು.

ಏರು ಶುರುವಾಯಿತು. ಕಾಲು ಗಂಟೆಯಲ್ಲಿ ಒಂದು ತೊರೆ ಸಿಕ್ಕಿತು. ಹರಳಿನಂಥ ನೀರು. ಬಾಟಲಿ ತುಂಬಿಸಲು ಬಗ್ಗಿದೆ.

"ಇಲ್ಲಿ ಬೇಡ, ಮುಂದೆ ಬೇರೆ ತೊರೆ ಇದೆ" ಎಂದರು ಆಕೆ. ಈ ಗುಡ್ಡದ ಕಲ್ಲಿನಲ್ಲಿ ವಿಲಿಯೊಮೈಟ್ ಎಂಬ ಕೆಂಪು ಖನಿಜವಿದೆ. ಅದು ಬರೀ ಸೋಡಿಯಂ ಫ್ಲೋರೈಡ್, ಟೂತ್‌ಪೇಸ್ಟಿಗೆ ಚಿಟಿಕೆಯಷ್ಟು ಹಾಕುವ ವಸ್ತು. ನೀರು ತಾಗಿದರೆ ಉಪ್ಪಿನ ಹಾಗೆ ಕರಗುತ್ತದೆ. ಹಾಗಾಗಿ ಮೇಲ್ಮೈಯ ಕಲ್ಲಿನಲ್ಲಿ ಅದು ಉಳಿದಿಲ್ಲ, ಅದಿದ್ದ ಜಾಗದಲ್ಲಿ ಸಣ್ಣ ಸಣ್ಣ ಗುಳಿಗಳಿವೆ. ಕರಗಿದ್ದೆಲ್ಲ ತೊರೆಯ ಪಾಲು. ಜೊತೆಗಿದ್ದ ಯುರೋಪಿನವರು ಫ್ಲೋರೈಡ್ ಹೆಚ್ಚಾದರೆ ಏನಾಗುತ್ತದೆ ಎಂದು ಕೇಳಿದರು. ಪಾವಗಡ, ಕೋಲಾರದ ಕಡೆ ಕಂದುಗಟ್ಟಿದ ಹಲ್ಲು, ಬಾಗಿದ ಕಾಲು ನೋಡಿದ ನನಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಬಾಟಲಿಯ ಮುಚ್ಚಳ ಹಾಕಿದೆ.

ತಿರುವು ದಾಟಿದ ಮೇಲೆ ಬಂಡೆ ಕಂಡಿತು. ಇದನ್ನು ನೋಡಲೆಂದೇ ಬಂದದ್ದು, ಫೋಟೋದಲ್ಲಿ ಮೊದಲೇ ನೋಡಿದ್ದೆ, ಆದರೂ ಕಾಲು ತಾನಾಗಿ ನಿಂತಿತು. ಗುಡ್ಡದ ಮೈಯನ್ನು ಕತ್ತರಿಸಿ ನಿಲ್ಲಿಸಿದ ಹಾಗಿರುವ ಗೋಡೆ. ಅದರ ಮೇಲೆ ಅಡ್ಡಡ್ಡ ಪಟ್ಟೆಗಳು: ಕಪ್ಪು, ಕೆಂಪು, ಬಿಳಿ, ಮತ್ತೆ ಕಪ್ಪು, ಕೆಂಪು, ಬಿಳಿ. ಜಮಖಾನೆಯನ್ನು ಮಡಚಿ ಮಡಚಿ ಅಟ್ಟಿ ಇಟ್ಟಂತೆ. ದೂರದಿಂದ ಕಪ್ಪು ಯಾವುದು, ಬಂಡೆಯ ನೆರಳು ಯಾವುದು ಎಂದು ನನಗೆ ಕೊನೆಗೂ ಸರಿಯಾಗಿ ಬಿಡಿಸಿಕೊಳ್ಳಲು ಆಗಲಿಲ್ಲ. ಕೆಂಪು ಎಂದು ಬರೆದಿದ್ದೇನೆ, ಅದೂ ಮಾಸಿದ ಇಟ್ಟಿಗೆಯ ಗುಲಾಬಿ.

ಈ ಮೂರರ ಕಟ್ಟು ಒಟ್ಟು 29 ಸಲ ಮರುಕಳಿಸುತ್ತದೆ. ನಡುವಿನ ಎದ್ದುಕಾಣುವ ಒಂದು ಪದರಕ್ಕೆ ಸೊನ್ನೆ ಎಂದು ಹೆಸರಿಟ್ಟು, ಮೇಲಕ್ಕೆ 17ರವರೆಗೆ, ಕೆಳಕ್ಕೆ ಮೈನಸ್ 11ರವರೆಗೆ ಎಣಿಸಿದ್ದಾರೆ, ಬಹುಮಹಡಿ ಕಟ್ಟಡದ ಲಿಫ್ಟಿನ ಹಾಗೆ. ಸುಮಾರು 116 ಕೋಟಿ ವರ್ಷಗಳ ಹಿಂದೆ ಶಿಲಾಪಾಕ ನೆಲದಡಿಯಲ್ಲೇ ನಿಧಾನವಾಗಿ ತಣಿಯುವಾಗ, ಅಕ್ಕಿ ಗಾಲಿಸಿದರೆ ಕಲ್ಲು ತಳಕ್ಕಿಳಿಯುವಂತೆ, ಭಾರದ ಕಪ್ಪು ಹರಳುಗಳು ಕೆಳಗೆ, ಕೆಂಪು ಅದರ ಮೇಲೆ, ಹಗುರ ಬಿಳಿ ಕೊನೆಗೆ ಕೂತವು. ಒಂದು ಸಲ ಆದದ್ದು ಅರ್ಥವಾಗುತ್ತದೆ. 29 ಸಲ ಏಕೆ ಎಂಬುದಕ್ಕೆ ಭೂವಿಜ್ಞಾನಿಗಳಲ್ಲೇ ಜಗಳವಿದೆ ಎಂದು ಆಕೆ ನಕ್ಕರು.

ಬುಡದಲ್ಲಿ ಉದುರಿಬಿದ್ದಿದ್ದ ಒಂದು ತುಂಡನ್ನು ಕೈಗೆ ಕೊಟ್ಟು, ಕೊರಳಲ್ಲಿ ನೇತಾಡುತ್ತಿದ್ದ ಭೂತಗನ್ನಡಿ ಬಿಚ್ಚಿಕೊಟ್ಟರು. ಕಲ್ಲಿನ ಮೇಲೆ ಸ್ವಲ್ಪ ನೀರು ಹನಿಸಿದರು. ಒದ್ದೆಯಾದದ್ದೇ ತಡ, ಮಂಕು ಗುಲಾಬಿ ದಾಳಿಂಬೆಯ ಕಾಳಾಯಿತು. ಇದೇ ಯೂಡಿಯಲೈಟ್. ಸುತ್ತ ಕಡ್ಡಿಕಡ್ಡಿಯಾಗಿ ಹೊಳೆಯುವ ಕಪ್ಪು ಆರ್ಫ್ವೆಡ್‌ಸೊನೈಟ್. ಹೆಸರನ್ನು ಮೂರು ಸಲ ಹೇಳಿಸಿಕೊಂಡು ಬರೆದುಕೊಂಡೆ. ಯೂಡಿಯಲೈಟ್‌ನ ಮುಖ್ಯ ಸರಕು ಜಿರ್ಕೋನಿಯಂ. ಜೊತೆಗೆ ನಿಯೋಡಿಮಿಯಂ, ಡಿಸ್‌ಪ್ರೋಸಿಯಂ, ಇಟ್ರಿಯಂ ಮೊದಲಾದವು ಚೂರುಚೂರು ಸೇರಿಕೊಂಡಿವೆ. ಎಷ್ಟು ಚೂರು? ನೂರು ಕಿಲೋ ಬಂಡೆ ಒಡೆದರೆ ಅಷ್ಟೂ ರೇರ್ ಅರ್ಥ್ ಕೂಡಿ ಒಂದು ಕಿಲೋ ದಾಟುವುದಿಲ್ಲ.

ರೇರ್ ಅರ್ಥ್ ಎಂಬ ಹೆಸರೇ ಒಂದು ಗೊಂದಲ. ಆ ಹದಿನೇಳು ಧಾತುಗಳಲ್ಲಿ ಸೀರಿಯಂ ಭೂಮಿಯ ಹೊರಪದರದಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಅಪರೂಪವಾದದ್ದು ಅವು ಒಂದೆಡೆ ದಟ್ಟವಾಗಿ ಸಿಗುವುದು. ಅದಕ್ಕಿಂತ ಕಷ್ಟ, ಅವಳಿಜವಳಿಗಳಂತೆ ಅಂಟಿಕೊಂಡಿರುವ ಅವುಗಳನ್ನು ಒಂದರಿಂದ ಒಂದನ್ನು ಬಿಡಿಸುವುದು. ನಮ್ಮ ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರಿಗೆ ಬೇಕಾದ ಅಯಸ್ಕಾಂತಕ್ಕೆ ನಿಯೋಡಿಮಿಯಂ ಬೇಕು. ಅದು ಬಿಸಿಯಾದರೂ ಸೊರಗದಿರಲು ಡಿಸ್‌ಪ್ರೋಸಿಯಂ ಬೇಕು. ಕೇರಳದ ಚವರದ ಮರಳಿನಲ್ಲಿ ನಮಗೂ ರೇರ್ ಅರ್ಥ್ ಇದೆ, ಆದರೆ ಡಿಸ್‌ಪ್ರೋಸಿಯಂನಂಥ ಭಾರದವು ಅದರಲ್ಲಿ ತೀರಾ ಕಡಿಮೆ. ಈ ಕೆಂಪು ಕಲ್ಲಿನ ಮೇಲೆ ಎಲ್ಲರ ಕಣ್ಣು ಬಿದ್ದಿರುವುದು ಅದಕ್ಕೇ.

ಇಲ್ಲಿಂದ ಮುಂದೆ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯತೊಡಗಿತು. ಕಲ್ಲು ಬಯಲಲ್ಲೇ ಬಿದ್ದಿದೆಯಲ್ಲ, ಹುಡುಕುವುದೇನು? ಜರ್ಮನಿಯಿಂದ ಬಂದ ಒಬ್ಬ ಖನಿಜ ಸಂಗ್ರಾಹಕ, ಅದಕ್ಕೂ ಮುಂಚೆ ವಿಯೆನ್ನಾದಲ್ಲಿ ನಾಟಕದವನಾಗಿದ್ದವನು, 1806ರಲ್ಲಿ ಗ್ರೀನ್‌ಲ್ಯಾಂಡಿಗೆ ಬಂದು, ಯುರೋಪಿನ ಯುದ್ಧದಿಂದಾಗಿ ಮರಳಲಾಗದೆ 1813ರವರೆಗೆ ಇಲ್ಲೇ ಕಲ್ಲು ಆರಿಸಿಕೊಂಡಿದ್ದ. ಅವನು ಕಳಿಸಿದ ಮೊದಲ ಪೆಟ್ಟಿಗೆಗಳು ದಾರಿಯಲ್ಲೇ ಲೂಟಿಯಾಗಿ ಸ್ಕಾಟ್ಲೆಂಡಿನಲ್ಲಿ ಹರಾಜಾದವು. ಅವುಗಳಲ್ಲಿದ್ದ ಕಲ್ಲುಗಳಿಂದಲೇ ಸೋಡಲೈಟ್ ಎಂಬ ಹೊಸ ಖನಿಜದ ವಿವರ ಹೊರಬಿತ್ತು. ಯೂಡಿಯಲೈಟ್‌ಗೆ ಹೆಸರಿಟ್ಟದ್ದು 1819ರಲ್ಲಿ. ಅಂದರೆ ಇದು ಪತ್ತೆಯಾಗಿಯೇ ಇನ್ನೂರು ವರ್ಷ ದಾಟಿದೆ.

"ಹುಡುಕುವುದಲ್ಲ, ಅಳೆಯುವುದು" ಎಂದರು ಆಕೆ, ಮುಂದೆ ನಡೆಯುತ್ತಾ.

ಅಳತೆಯ ಗುರುತು ಸ್ವಲ್ಪ ಮೇಲೆ ಸಿಕ್ಕಿತು. ಪೊದೆಯ ನಡುವೆ ಒಂದಡಿ ಎತ್ತರದ ಕಬ್ಬಿಣದ ಕೊಳವೆ, ಮೇಲೊಂದು ಮುಚ್ಚಳ, ಮುಚ್ಚಳದ ಮೇಲೆ ಅಂಕಿ. ಅಷ್ಟೇ. ಇದು ಕೊರೆದು ಮುಗಿಸಿದ ರಂಧ್ರ. ಸುತ್ತ ಹುಲ್ಲು ಆಗಲೇ ಕವಿದುಕೊಂಡಿತ್ತು, ತೋರಿಸದಿದ್ದರೆ ಎಡವಿ ಬೀಳುತ್ತಿದ್ದೆ. ರಸ್ತೆ ಎಂಬುದಿಲ್ಲದ ಕಾರಣ ಕೊರೆಯುವ ಯಂತ್ರವನ್ನು ಬಿಡಿಬಿಡಿಯಾಗಿ ಹೆಲಿಕಾಪ್ಟರಿಗೆ ನೇತುಹಾಕಿ ತರುತ್ತಾರೆ. ಕೆಲಸಕ್ಕೆ ಸಿಗುವುದು ಬೇಸಿಗೆಯ ಮೂರು ಚಿಲ್ಲರೆ ತಿಂಗಳು. ಅದರಲ್ಲೂ ಮಂಜು ಕವಿದರೆ ಹೆಲಿಕಾಪ್ಟರ್ ಮೇಲೇಳುವುದಿಲ್ಲ.

ಅಲ್ಲಿಂದ ಅವರ ಕ್ಯಾಂಪಿಗೆ ಹೋದೆವು. ಕೊರೆದು ತೆಗೆದ ಕಲ್ಲನ್ನು ಇಡುವ ಶೆಡ್ಡು ಅದರ ಹಿಂಭಾಗದಲ್ಲಿದೆ. ಒಳಗೆ ಹೆಜ್ಜೆಯಿಟ್ಟರೆ ಗ್ರಂಥಾಲಯದ ಹಾಗೆ ಸಾಲುಸಾಲು ಅಟ್ಟಣಿಗೆ, ಅದರಲ್ಲಿ ಚಪ್ಪಟೆ ಮರದ ಪೆಟ್ಟಿಗೆಗಳು. ಒಂದನ್ನು ಎಳೆದು ಮೇಜಿನ ಮೇಲಿಟ್ಟರು. ಒಳಗೆ ಲಟ್ಟಣಿಗೆಯ ದಪ್ಪದ ಕಲ್ಲಿನ ಕೋಲುಗಳು ಸಾಲಾಗಿ ಮಲಗಿವೆ. ವಜ್ರದ ಹುಡಿ ಕೂರಿಸಿದ ಉಂಗುರದ ಬಾಯಿ ಬಂಡೆಯನ್ನು ಕೊರೆಯುತ್ತಾ ಇಳಿದಾಗ ನಡುವೆ ಉಳಿದ ತಿರುಳು ಇದು, ಇವರ ಭಾಷೆಯಲ್ಲಿ ಕೋರ್. ನಡುನಡುವೆ ಆಳದ ಮೀಟರ್ ಬರೆದ ಮರದ ತುಣುಕುಗಳು. ಎಡದಿಂದ ಬಲಕ್ಕೆ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ, ಪುಸ್ತಕ ಓದಿದ ಹಾಗೆಯೇ ಓದಬೇಕು. ಹೊರಗೆ ಕಂಡ ಅದೇ ಕಪ್ಪು, ಕೆಂಪು, ಬಿಳಿ ಇಲ್ಲಿ ಅಂಗೈಯಗಲದಲ್ಲಿ. ಮೂಲೆಯಲ್ಲಿ ನೀರಿನ ಗರಗಸ. ಪ್ರತಿ ಕೋಲನ್ನೂ ಉದ್ದಕ್ಕೆ ಸೀಳಿ, ಅರ್ಧವನ್ನು ಚೀಲಕ್ಕೆ ತುಂಬಿ ಹಡಗಿನಲ್ಲಿ ದೂರದ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಇನ್ನರ್ಧ ಸಾಕ್ಷಿಗೆ ಇಲ್ಲೇ. ಉತ್ತರ ಬರುವ ಹೊತ್ತಿಗೆ ಇಲ್ಲಿ ಹಿಮ ಬಿದ್ದಿರುತ್ತದೆ.

ಪಕ್ಕದ ಕಪ್ಪು ಟೆಂಟಿಗೆ ಕರೆದೊಯ್ದದ್ದು ಬಹುಶಃ ನಮ್ಮ ಖುಷಿಗೆ. ಒಳಗೆ ಕತ್ತಲು. ಒಂದು ಬಿಳಿ ಕಲ್ಲನ್ನು ಮೇಜಿನ ಮೇಲಿಟ್ಟು ಅತಿನೇರಳೆ ದೀಪ ಹಾಕಿದರು. ಕಲ್ಲು ಕೆಂಡವಾಯಿತು. ಅದರ ಪಕ್ಕದ ಸೋಡಲೈಟ್ ಕಿತ್ತಳೆಯಾಗಿ ಉರಿಯಿತು. ಕೆಂಡವಾದದ್ದರ ಹೆಸರು ಟುಗ್ಟುಪೈಟ್. ಇಲ್ಲಿಯ ಭಾಷೆಯಲ್ಲಿ ಹಿಮಸಾರಂಗಕ್ಕೆ ಟುಟ್ಟು, ಅದರಿಂದ ಬಂದದ್ದು. ಹೊರಗೆ ಬಿಸಿಲಿಗೆ ತಂದಿಟ್ಟರೆ ನಿಧಾನವಾಗಿ ಗುಲಾಬಿಯಾಗುತ್ತದೆ, ಡಬ್ಬಿಯಲ್ಲಿ ಮುಚ್ಚಿಟ್ಟರೆ ಮತ್ತೆ ಬೆಳ್ಳಗಾಗುತ್ತದೆ. ನಾನು ಅದನ್ನು ಬಿಸಿಲಲ್ಲಿಟ್ಟು ಊಟ ಮುಗಿಯುವವರೆಗೆ ಕಾದೆ. ಆಯಿತು ಎಂದೇ ನನ್ನ ಅನಿಸಿಕೆ. ಜೊತೆಗಿದ್ದ ಒಬ್ಬರು ಮಾತ್ರ ಮೊದಲೂ ಹಾಗೇ ಇತ್ತಲ್ಲ ಎಂದರು.

ಊಟವೆಂದರೆ ಬ್ರೆಡ್ಡು, ಒಣಮೀನು, ಸೂಪು. ಸೂಪಿನ ಬಟ್ಟಲ ಪಕ್ಕದಲ್ಲೇ ಆಕೆ ಒಂದು ಸಣ್ಣ ಗಾಜಿನ ಶೀಶೆ ತಂದಿಟ್ಟರು. ಯೂಡಿಯಲೈಟ್ ಪುಡಿಗೆ ಬೆಳಿಗ್ಗೆ ಆಮ್ಲ ಹಾಕಿಟ್ಟದ್ದಂತೆ. ಶೀಶೆಯನ್ನು ತಲೆಕೆಳಗು ಮಾಡಿದರು. ಏನೂ ಬೀಳಲಿಲ್ಲ. ಆರಿದ ಗಂಜಿಯ ಹಾಗೆ ಗಟ್ಟಿ ಲೋಳೆ ಅಂಟಿಕೊಂಡಿತ್ತು. ಕಲ್ಲು ಆಮ್ಲದಲ್ಲಿ ಸಲೀಸಾಗಿ ಕರಗುತ್ತದೆ, ತೊಂದರೆ ಅದಲ್ಲ. ಕರಗಿದ ಸಿಲಿಕಾ ಹೀಗೆ ಲೋಳೆಕಟ್ಟಿ ಬೇಕಾದ ಲೋಹವನ್ನೂ ಹಿಡಿದುಕೊಂಡುಬಿಡುತ್ತದೆ, ಸೋಸಲು ಬಿಡುವುದಿಲ್ಲ. ಪ್ರಯೋಗಾಲಯದಲ್ಲಿ ಉಪಾಯಗಳಿವೆ. ದೊಡ್ಡ ಕಾರ್ಖಾನೆಯ ಪ್ರಮಾಣದಲ್ಲಿ ಯೂಡಿಯಲೈಟ್‌ನಿಂದ ರೇರ್ ಅರ್ಥ್ ತೆಗೆದು ಲಾಭ ಮಾಡಿದವರು ಇದುವರೆಗೆ ಇಲ್ಲ. ಅದಿರು ತೆಗೆದರೂ, ಶುದ್ಧೀಕರಣದ ಹತ್ತರಲ್ಲಿ ಒಂಬತ್ತು ಪಾಲು ನಡೆಯುವುದು ಚೀನಾದಲ್ಲಿ. ಆ ಶೀಶೆಯನ್ನು ನೋಡಿದ ಮೇಲೆ, ಸುದ್ದಿಗಳಲ್ಲಿ ಬರುವ ಕೋಟಿ ಕೋಟಿ ಟನ್ನುಗಳ ನಿಕ್ಷೇಪದ ಮಾತನ್ನು ನಾನು ಮೊದಲಿನಷ್ಟು ಸಲೀಸಾಗಿ ನಂಬಲಾರೆ.

ಗಣಿ ಶುರುವಾದರೆ, ಬೇಕಾದ್ದನ್ನು ತೆಗೆದ ಮೇಲೆ ಉಳಿಯುವ ಕಲ್ಲಿನ ಪುಡಿ ಎಲ್ಲಿಗೆ ಎಂದು ಕೇಳಿದೆ. ಮೇಲಿನ ಒಂದು ಸರೋವರದಲ್ಲಿ, ನೀರಿನಡಿ ತುಂಬುವ ಯೋಚನೆ ಇದೆ ಎಂದರು. ನಾನು ಕೇಳಿದ್ದಕ್ಕೆ ಕಾರಣ ಕೆಜಿಎಫ್. ಅಲ್ಲಿ ಗಣಿ 2001ರಲ್ಲೇ ಮುಚ್ಚಿದೆ. ಸೈನೈಡ್ ಗುಡ್ಡಗಳು ಇನ್ನೂ ನಿಂತಿವೆ, ಗಾಳಿ ಎದ್ದರೆ ದೂಳು ಮನೆಯೊಳಗೆ ಬರುತ್ತದೆ. ಅದನ್ನು ಹೇಳಿದೆ. ಆಕೆ ಕೇಳಿಸಿಕೊಂಡರು, ಏನೂ ಹೇಳಲಿಲ್ಲ.

ಇಳಿಯುವಾಗ ಇನ್ನೊಂದು ಗುಡ್ಡದ ದಿಕ್ಕಿಗೆ ಕೈ ತೋರಿಸಿದರು. ಅಲ್ಲಿಯ ಅದಿರಿನಲ್ಲಿ ರೇರ್ ಅರ್ಥ್ ಹೆಚ್ಚು, ಆದರೆ ಯುರೇನಿಯಂ ಕೂಡ ಹೆಣೆದುಕೊಂಡಿದೆ. 1979-80ರಲ್ಲಿ ಯುರೇನಿಯಂಗೆಂದೇ ಅದರೊಳಗೆ ಒಂದು ಕಿ.ಮೀ.ನಷ್ಟು ಸುರಂಗ ತೋಡಿದ್ದರು. 1985ರಲ್ಲಿ ಡೆನ್ಮಾರ್ಕ್ ಅಣುವಿದ್ಯುತ್ತೇ ಬೇಡವೆಂದಿತು, ಸುರಂಗ ಹಾಗೇ ಉಳಿಯಿತು. 2021ರ ಚುನಾವಣೆಯಲ್ಲಿ ಆ ಗುಡ್ಡವೇ ದೊಡ್ಡ ವಿಷಯವಾಗಿ, ಅದೇ ವರ್ಷದ ಕೊನೆಗೆ ಹತ್ತು ಲಕ್ಷಕ್ಕೆ ನೂರು ಭಾಗಕ್ಕಿಂತ ಹೆಚ್ಚು ಯುರೇನಿಯಂ ಇರುವ ಅದಿರನ್ನು ತೆಗೆಯಬಾರದೆಂದು ಗ್ರೀನ್‌ಲ್ಯಾಂಡ್ ಕಾನೂನು ಮಾಡಿತು. ಪಟ್ಟೆ ಬಂಡೆ ಆ ಮಿತಿಯ ಒಳಗೇ ಇದೆ.

ದೋಣಿಯಾತನಿಗೆ ಇಂಗ್ಲಿಷು ಸ್ವಲ್ಪ ಬರುತ್ತಿತ್ತು. ಅವನ ಅಕ್ಕನ ಮನೆಯ ಕುರಿಗಳೇ ನಾವು ಬೆಳಿಗ್ಗೆ ಕಂಡವು. ಗಾಳಿ ಯಾವ ಕಡೆ ಬೀಸುತ್ತದೆ ಎಂದು ಒಬ್ಬ ಇಂಜಿನಿಯರ್ ಅವನನ್ನು ಕೇಳಿದ್ದನಂತೆ. "ಎಲ್ಲ ಕಡೆಗೂ ಅಂದೆ" ಎಂದು ಹೇಳಿ ಎಂಜಿನ್ ಚಾಲೂ ಮಾಡಿದ. ಈ ಭಾಗದಲ್ಲಿ ಹಿಮಹೊದಿಕೆಯಿಂದ ಇಳಿದುಬರುವ ಬಿರುಗಾಳಿಗೆ ದೋಣಿ ಮಗುಚುವುದುಂಟು.

ಹೇಳಲು ಮರೆತೆ. ಕೋರ್ ಪೆಟ್ಟಿಗೆಗಳ ಶೆಡ್ಡಿಗೆ ಬೀಗ ಇರಲಿಲ್ಲ. ಬಾಗಿಲು ಗಾಳಿಗೆ ಬಡಿದುಕೊಳ್ಳದಿರಲೆಂದು ಒಂದು ಕಲ್ಲು ಒತ್ತಿಟ್ಟಿದ್ದರು. ಅದೂ ಕೆಂಪು ಪಟ್ಟೆಯದೇ.