ಸಬ್‌ಮರ್ಸಿಬಲ್ ಪಂಪಿಗೆ ಎಷ್ಟು ಸ್ಟೇಜು ಬೇಕು?

ಕೊಳವೆ ಬಾವಿಗೆ ಪಂಪು ಕೊಳ್ಳುವಾಗ ಅನೇಕ ರೈತರು ಅಶ್ವಶಕ್ತಿಯನ್ನಷ್ಟೇ ವಿಚಾರಿಸುತ್ತಾರೆ. ಸ್ಟೇಜು ಹೆಚ್ಚಿದಷ್ಟೂ ನೀರು ಹೆಚ್ಚು ಬರುವುದೆಂಬ ನಂಬಿಕೆಯೂ ಇದೆ. ಇದು ಸರಿಯಲ್ಲ. ಸ್ಟೇಜು ಎಂದರೇನೆಂದು ತಿಳಿದರೆ ಪಂಪಿನ ಆಯ್ಕೆ ಸುಲಭವಾಗುವುದು.

ಪಂಪಿನೊಳಗೆ ಇಂಪೆಲ್ಲರ್ ಎಂಬ ಚಕ್ರವು ತಿರುಗುತ್ತಾ ನೀರನ್ನು ಅಂಚಿನ ಕಡೆಗೆ ರಭಸದಿಂದ ಎಸೆಯುತ್ತದೆ. ಈ ರಭಸವು ಒತ್ತಡವಾಗಿ ಮಾರ್ಪಡದಿದ್ದರೆ ಶಕ್ತಿಯು ಸುಳಿಗಳಲ್ಲಿ ವ್ಯರ್ಥವಾಗುವುದು. ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಆಸ್ಬರ್ನ್ ರೆನಾಲ್ಡ್ಸ್ ಅವರು 1875ರಲ್ಲಿ ಇದಕ್ಕೊಂದು ಉಪಾಯಕ್ಕೆ ಪೇಟೆಂಟು ಪಡೆದರು. ಚಕ್ರದ ಸುತ್ತ ತಿರುಗದ, ಬಾಗಿದ ರೆಕ್ಕೆಗಳನ್ನಿಟ್ಟರು. ಅವುಗಳ ನಡುವೆ ಕ್ರಮೇಣ ಅಗಲವಾಗುವ ದಾರಿಯಲ್ಲಿ ನೀರಿನ ವೇಗ ತಗ್ಗಿ ಒತ್ತಡ ಏರುತ್ತದೆ. ಇಂದಿನ ಸಬ್‌ಮರ್ಸಿಬಲ್ ಪಂಪು ಕೂಡ ಇದೇ ತತ್ವದ ಮೇಲೆ ನಡೆಯುತ್ತದೆ. ಒಂದು ಚಕ್ರ ಮತ್ತು ಅದರ ರೆಕ್ಕೆಗಳುಳ್ಳ ಬಟ್ಟಲು ಸೇರಿದರೆ ಒಂದು ಸ್ಟೇಜು.

ಚಕ್ರ ದೊಡ್ಡದಾದಷ್ಟೂ ಒಂದೇ ವೇಗದಲ್ಲಿ ನೀರನ್ನು ಹೆಚ್ಚು ಎತ್ತರಕ್ಕೆ ಏರಿಸಬಲ್ಲದು. ಆದರೆ ಕೊಳವೆ ಬಾವಿ ಕಿರಿದು. ದೊಡ್ಡ ಚಕ್ರ ಅದರೊಳಗೆ ಇಳಿಯದು. ಆದುದರಿಂದ ಚಿಕ್ಕ ಚಕ್ರಗಳನ್ನು ಒಂದರ ಮೇಲೊಂದು ಜೋಡಿಸುತ್ತಾರೆ. ಒಂದು ಸ್ಟೇಜಿನಿಂದ ಹೊರಟ ನೀರೇ ಮುಂದಿನದನ್ನು ಸೇರುವುದರಿಂದ ಎತ್ತರ ಕೂಡುತ್ತದೆಯೇ ಹೊರತು ನೀರಿನ ಪ್ರಮಾಣ ಕೂಡುವುದಿಲ್ಲ.

ಲೆಕ್ಕ ಹೀಗಿದೆ: ಪಂಪು ನಡೆಯುವಾಗ ನೀರಿನ ಮಟ್ಟ 100 ಮೀಟರ್ ಆಳದಲ್ಲಿದ್ದು, ತೊಟ್ಟಿ ನೆಲದಿಂದ 10 ಮೀಟರ್ ಎತ್ತರದಲ್ಲಿದೆ ಎನ್ನೋಣ. ಪೈಪಿನ ಘರ್ಷಣೆಗೆ 10 ಮೀಟರ್ ಸೇರಿಸಿದರೆ ಒಟ್ಟು ಹೆಡ್ 120 ಮೀಟರ್. ಬೇಕಾದ ಪ್ರಮಾಣದ ನೀರು ಕೊಡುವಾಗ ಒಂದು ಸ್ಟೇಜು 6 ಮೀಟರ್ ಏರಿಸುವುದಾದರೆ 20 ಸ್ಟೇಜು ಬೇಕು. ಹನಿ ನೀರಾವರಿಗೆ 1 ಕೆ.ಜಿ. ಒತ್ತಡ ಬೇಕಿದ್ದರೆ ಇನ್ನೂ 10 ಮೀಟರ್ ಕೂಡಿಸಬೇಕು.

ಸ್ಟೇಜು ತೀರಾ ಕಡಿಮೆಯಾದರೆ ನೀರು ಮೇಲೆ ಬಾರದೆ ಪಂಪಿನಲ್ಲಿಯೇ ಸುತ್ತಿ ಬಿಸಿಯಾಗುವುದು. ಹರಿಯುವ ನೀರಿನಿಂದ ತಣ್ಣಗಿರಬೇಕಾದ ಮೋಟಾರು ಸುಡಬಹುದು. ಅಗತ್ಯಕ್ಕಿಂತ ಬಹಳ ಹೆಚ್ಚಾದರೆ ವಿದ್ಯುತ್ ವ್ಯರ್ಥ, ಮೋಟಾರಿಗೂ ಹೊರೆ. ಪೈಪಿನ ಗಾತ್ರವನ್ನೂ ಕಡೆಗಣಿಸಕೂಡದು. ಅಷ್ಟೇ ನೀರು ಅರ್ಧ ವ್ಯಾಸದ ಪೈಪಿನಲ್ಲಿ ಹರಿದರೆ ಘರ್ಷಣೆಯ ನಷ್ಟ ಸುಮಾರು 30 ಪಟ್ಟಾಗುವುದು.

ಆದುದರಿಂದ ಪಂಪು ಕೊಳ್ಳುವ ಮೊದಲು ಬಾವಿಯ ಇಳುವರಿಯನ್ನೂ, ಪಂಪು ನಡೆಯುವಾಗಿನ ನೀರಿನ ಮಟ್ಟವನ್ನೂ ಅಳೆಸಿರಿ. ಅಂಗಡಿಯಲ್ಲಿ ಆ ಪಂಪಿನ ಹೆಡ್ ಮತ್ತು ನೀರಿನ ಪ್ರಮಾಣದ ಪಟ್ಟಿಯನ್ನು ಕೇಳಿ, ನಿಮ್ಮ ಲೆಕ್ಕದೊಡನೆ ಹೋಲಿಸಿ ನೋಡಿರಿ.